ಅವಳು ಬಸ್ಸಿಗೆ ಬರ್ಲಿಲ್ಲ ಅಂದ್ರೆ ಇಡೀ ದಿನ ಮನ್ಸೇ ಇರಲ್ಲ ಅಕ್ಕಾ

ಪ್ರಶ್ನೆ: ಅಕ್ಕಾ, ನಂಗೆ 17 ವರ್ಷ. ಶಿಡ್ಲಘಟ್ಟದ ಹತ್ರ ಒಂದು ಹಳ್ಳಿ, ಚಿಕ್ಕಬಳ್ಳಾಪುರದಲ್ಲಿ ಸೆಕೆಂಡ್ ಪಿಯುಸಿ ಓದ್ತಿದೀನಿ. ದಿನಾ ಬಸ್ಸಲ್ಲಿ ಜೊತೆಗೆ ಬರೋ ಫ್ರೆಂಡ್ ಒಬ್ಳು ಇದಾಳೆ, ಮೊದ್ಲು ಬರೀ ಫ್ರೆಂಡೇ, ಈಗ ಅವಳು ಬಂದು ಪಕ್ಕದಲ್ಲಿ ಕೂತ್ರೆ ಎದೆ ಡವಡವ ಅನ್ನತ್ತೆ, ಬರ್ಲಿಲ್ಲ ಅಂದ್ರೆ ಕ್ಲಾಸಲ್ಲಿ ಏನೂ ತಲೆಗೆ ಹೋಗಲ್ಲ, ಅವಳು ಯಾವ್ದೋ ಹುಡುಗನ ಬಗ್ಗೆ ಮಾತಾಡಿದ್ರೆ ಅಳು ಬಂದ್ಬಿಡತ್ತೆ. ಒಂಬತ್ತನೇ ಕ್ಲಾಸಲ್ಲಿ ಒಬ್ಬ ಹುಡುಗನೂ ಇಷ್ಟ ಆಗಿದ್ದ, ಹಾಗಾದ್ರೆ ಇದೇನು? ನಾನು ಲೆಸ್ಬಿಯನ್ನಾ? ಮೊಬೈಲಲ್ಲಿ ಒಬ್ರು ಇದು ಖಾಯಿಲೆ ಅಂತಾರೆ. ಮನೇಲಿ ರೇಷ್ಮೆ ಹುಳ ಮೇಯಿಸ್ತೀವಿ, ರಾತ್ರಿ ಅಮ್ಮನ ಜೊತೆ ಸೊಪ್ಪು ಹಾಕೋವಾಗ ಹೇಳ್ಬಿಡೋಣ ಅನ್ಸತ್ತೆ, ಬಾಯೇ ಬರಲ್ಲ. ಅವಳಿಗೆ ಹೇಳ್ಲಾ? ನಾನು ಕೆಟ್ಟೋಳಾ ಅಕ್ಕಾ? (ಹೆಸರು ಹಾಕ್ಬೇಡಿ)

ಉತ್ತರ: ಹಾಕಲ್ಲ ಪುಟ್ಟಾ, ಹಳ್ಳಿ ಹೆಸರೂ ತೆಗೆದಿದೀನಿ. ನಿನ್ ಕಾಗದದ ಕೊನೇ ಸಾಲು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಕೆಟ್ಟೋಳಲ್ಲ ಕಣಮ್ಮ. ಒಬ್ಬರು ಇಷ್ಟ ಆಗಿದಾರೆ ನಿಂಗೆ, ಅಷ್ಟೇ ಆಗಿರೋದು.

ಖಾಯಿಲೆ ವಿಷ್ಯ ಮೊದ್ಲು ಮುಗಿಸೋಣ, ಯಾಕಂದ್ರೆ ಆ ವಿಡಿಯೋ ಮಾಡ್ದೋರು ನಿನ್ ನಿದ್ದೆ ಕೆಡಿಸಿದಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನ ಖಾಯಿಲೆ ಪಟ್ಟಿಯಿಂದ ತೆಗೆದುಹಾಕ್ತು, ಇದು ಮಾನಸಿಕ ರೋಗ ಅಲ್ಲ ಅಂತ ನಮ್ಮ ದೇಶದ ಮನೋವೈದ್ಯರ ಸಂಘ 2018ರಲ್ಲಿ ಹೇಳ್ತು, ಅದೇ ವರ್ಷ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧ ಅಂತಿದ್ದ 377ನೇ ಸೆಕ್ಷನ್ ವಿಷ್ಯದಲ್ಲಿ ತೀರ್ಪು ಕೊಟ್ಟು ವಯಸ್ಕರು ಇಬ್ರೂ ಒಪ್ಪಿ ಜೊತೆಗಿದ್ರೆ ಅದು ಅಪರಾಧ ಅಲ್ಲ ಅಂತು. ಇದನ್ನ 'ವಾಸಿ ಮಾಡ್ತೀನಿ' ಅಂತ ಯಾವ ಡಾಕ್ಟರಾದ್ರೂ ಟ್ರೀಟ್‌ಮೆಂಟ್ ಶುರು ಮಾಡಿದ್ರೆ ಅದು ಡಾಕ್ಟರದ್ದೇ ತಪ್ಪು ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ತಾಯತ, ಯಂತ್ರ ಅಂತ ಯಾರಾದ್ರೂ ಬಂದ್ರೂ ಇದನ್ನೇ ನೆನಪಿಟ್ಕೋ.

ಇನ್ನು ನೀನು ಏನು ಅನ್ನೋದು. ನಂಗೆ ಗೊತ್ತಿಲ್ಲ, ಇವತ್ತಿಗೆ ನಿಂಗೂ ಗೊತ್ತಾಗ್ಬೇಕು ಅಂತೇನಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗ ಇಷ್ಟ ಆಗಿದ್ದೂ ನಿಜ, ಇವಳು ಇಷ್ಟ ಆಗಿರೋದೂ ನಿಜ, ಒಂದು ಸುಳ್ಳಾದ್ರೆ ಮಾತ್ರ ಇನ್ನೊಂದು ನಿಜ ಅಂತ ಎಲ್ಲೂ ಇಲ್ಲ, ಇಬ್ರ ಕಡೆಗೂ ಮನಸ್ಸು ಹೋಗೋರು ಇದಾರೆ, ಅದಕ್ಕೆ ಬೈಸೆಕ್ಷುವಲ್ ಅಂತಾರೆ, ಕೆಲವ್ರಿಗೆ 12 ವರ್ಷಕ್ಕೇ ಗೊತ್ತಾಗತ್ತೆ, ಕೆಲವ್ರಿಗೆ 30 ದಾಟಿದ್ಮೇಲೆ. ನಿಮ್ಮನೇಲಿ ಹುಳ ಜ್ವರಕ್ಕೆ ಕೂತಾಗ ಅಮ್ಮ ಏನ್ ಮಾಡ್ತಾರೆ ಯೋಚ್ನೆ ಮಾಡು. ಸೊಪ್ಪು ಹಾಕಲ್ಲ, ಮುಟ್ಟಕ್ಕೆ ಬಿಡಲ್ಲ. ಹೆಸರು ಜ್ವರ ಅಂತ ಇದ್ರೂ ಅದು ರೋಗ ಅಲ್ಲ, ಹಳೇ ಚರ್ಮ ಬಿಡೋ ಹೊತ್ತು ಅಂತ ನಿಮ್ಮನೇಲಿ ಎಲ್ಲರಿಗೂ ಗೊತ್ತು. ಇದು ದಾಟಿ ಹೋಗತ್ತೆ ಬಿಡು ಅಂತ ಹೇಳಕ್ಕೆ ಈ ಮಾತು ತೆಗಿಲಿಲ್ಲ, ಈ ಇಷ್ಟ ಉಳಿಬಹುದು, ಹೋಗಲೂಬಹುದು. ಆದ್ರೆ ನಿನ್ನ ನೀನೇ ಗಂಟೆಗೊಂದ್ಸಲ ಕೆದಕಿ ನೋಡೋದು ಬಿಡು ಅಂತಷ್ಟೇ.

ಅವಳಿಗೆ ಹೇಳ್ಬೇಕಾ? ನನ್ ಕೇಳಿದ್ರೆ ಈಗ್ಲೇ ಬೇಡ. ಇಂಥೋರ ಬಗ್ಗೆ ಮಾತು ಬಂದಾಗ ಅವಳು ನಗ್ತಾಳಾ, ಸುಮ್ನಿರ್ತಾಳಾ ನೋಡ್ಕೋ. ಮುಂದೆ ಹೇಳೋದಾದ್ರೂ ಎದುರು ಕೂತು ಹೇಳು, ವಾಟ್ಸಾಪಲ್ಲಿ ಮಾತ್ರ ಬರೀಬೇಡ, ಒಂದು ಸ್ಕ್ರೀನ್‌ಶಾಟ್ ಸಾಕು ಇಡೀ ಕಾಲೇಜಿಗೆ. ಅವಳು ಆ ಹುಡುಗನ ಬಗ್ಗೆ ಮಾತಾಡೋದು ನಿಂಗೆ ಮಾಡ್ತಿರೋ ಮೋಸ ಅಲ್ಲ, ನೀನು 'ಹೂಂ' ಅಂತ ಕೇಳಿಸ್ಕೊಳ್ಳೋದು ಎಷ್ಟು ಕಷ್ಟ ಅಂತ ನಂಗೆ ಅರ್ಥ ಆಗತ್ತೆ, ಆದ್ರೂ ಅದು ಅವಳ ಇಷ್ಟ. ಅವಳು 'ನಂಗೆ ಹಾಗನ್ಸಲ್ಲ' ಅಂದ್ರೆ ಅದನ್ನ ತಗೊಳೋ ಧೈರ್ಯ ಬಂದ ದಿನ ಹೇಳಿದ್ರಾಯ್ತು.

ಅಮ್ಮನ ವಿಷ್ಯ ನೀನೇ ತೂಗಿ ನೋಡ್ಬೇಕು. ಓದು, ಊಟ, ಬಸ್ ಪಾಸು ಎಲ್ಲಾ ಇನ್ನೂ ಮನೆಯವರ ಕೈಲಿದೆ, ಗೊತ್ತಾದ್ರೆ ಕಾಲೇಜ್ ಬಿಡಿಸಿ ಗಂಡು ಹುಡ್ಕಕ್ಕೆ ಶುರು ಮಾಡ್ತಾರೆ ಅನ್ನೋ ಭಯ ಇದ್ರೆ ಪರೀಕ್ಷೆ ಮುಗಿಯೋವರೆಗೂ ಹೇಳ್ದೆ ಇರೋದು ಸುಳ್ಳಲ್ಲ, ನಿನ್ನ ನೀನು ಕಾಪಾಡ್ಕೊಳೋದು. 18 ತುಂಬದ ಹುಡುಗಿಗೆ ಮದುವೆ ಮಾಡೋದು ಅಪರಾಧ, ಯಾರಾದ್ರೂ ಬಲವಂತ ಮಾಡಿದ್ರೆ, ಹೊಡೆದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಸುಮ್ನೆ ಮನಸ್ಸು ಬಿಚ್ಚಿ ಮಾತಾಡ್ಬೇಕು ಅನ್ಸಿದ್ರೆ ಟೆಲಿ ಮಾನಸ್ ಅಂತ ಸರ್ಕಾರದ್ದೇ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ದುಡ್ಡು ಕೊಡ್ಬೇಕಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದ್ರೂ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ನಿಮ್ ವಯಸ್ಸಿನೋರಿಗೆ ಅಂತಾನೇ ಸ್ನೇಹ ಕ್ಲಿನಿಕ್ ಇರತ್ತೆ, ಅಲ್ಲೂ ಕೇಳು.

ಈ ಬೆಳೆ ಗೂಡು ಮಾರ್ಕೆಟ್ಟಿಗೆ ಹೋದ್ಮೇಲೆ ಇನ್ನೊಂದು ಕಾಗದ ಬರಿ. ಅಳು ಕಮ್ಮಿ ಆಯ್ತಾ ಇಲ್ವಾ ಅಷ್ಟು ತಿಳಿಸಿದ್ರೂ ಸಾಕು, ಕಾಯ್ತಿರ್ತೀನಿ.