ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಹ್ವಾರ್, ಕೊರ್ಚುಲಾ ದ್ವೀಪಗಳನ್ನು ನೋಡಿಕೊಂಡು ಡುಬ್ರೊವ್ನಿಕ್‌ವರೆಗೆ ಹಡಗಿನಲ್ಲೇ ಹೋಗಬಹುದಾ? ಐದು ದಿನ ಸಾಕಾ?

ಹೋಗಬಹುದು, ಗಾಳಿ ಒಪ್ಪಿದರೆ. ನನಗೆ ಕೊನೇ ಘಟ್ಟದಲ್ಲಿ ಒಪ್ಪಲಿಲ್ಲ. ಅದನ್ನು ಆಮೇಲೆ ಹೇಳ್ತೀನಿ. ಐದು ದಿನ ಸಾಕು, ಆದರೆ ಅದರಲ್ಲಿ ಒಂದು ದಿನಕ್ಕೆ ಏನೂ ಬುಕ್ ಮಾಡದೆ ಖಾಲಿ ಬಿಡಿ.

ಮೊದಲು ನಾನು ಮಾಡಿದ ಪೆದ್ದುತನ ಕೇಳಿ. ಹ್ವಾರ್ ಅನ್ನೋದು ದ್ವೀಪದ ಹೆಸರೂ ಹೌದು, ಅದರ ಮುಖ್ಯ ಪಟ್ಟಣದ ಹೆಸರೂ ಹೌದು. ಸ್ಪ್ಲಿಟ್ ಬಂದರಿನ ಬೋರ್ಡಿನಲ್ಲಿ 'ಸ್ಟಾರಿ ಗ್ರಾದ್' ಅಂತ ಇತ್ತು. ಕ್ರೊಯೇಷಿಯನ್ ಭಾಷೆಯಲ್ಲಿ ಹಾಗಂದ್ರೆ 'ಹಳೇ ಊರು'. ಓ, ಹ್ವಾರ್ ಪಟ್ಟಣದ ಹಳೇ ಭಾಗ ಇದು ಅಂದುಕೊಂಡು ಖುಷಿಯಾಗಿ ಹತ್ತಿಬಿಟ್ಟೆ. ಎರಡು ಗಂಟೆ ಆದಮೇಲೆ ಇಳಿದರೆ ಒಂದು ಧಕ್ಕೆ, ಸಾಲು ಕಾರು, ಪೈನ್ ಮರಗಳು. ಅಷ್ಟೇ. ಸ್ಟಾರಿ ಗ್ರಾದ್ ಬೇರೆಯೇ ಊರು. ನಾನು ರೂಮು ಮಾಡಿದ್ದ ಹ್ವಾರ್ ಪಟ್ಟಣ ಅಲ್ಲಿಂದ ಸುಮಾರು 20 ಕಿಲೋಮೀಟರ್! ಪುಣ್ಯಕ್ಕೆ ಹಡಗು ಬರುವ ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಇರುತ್ತೆ.

ಅಂದ್ರೆ ಇಲ್ಲಿ ಎರಡು ಥರದ ಹಡಗುಗಳಿವೆ. ಕಾರು, ಲಾರಿ ಹೊರುವ ದೊಡ್ಡ ಫೆರ್ರಿ ಸ್ಟಾರಿ ಗ್ರಾದ್‌ಗೆ ಹೋಗುತ್ತೆ. ಜನರನ್ನು ಮಾತ್ರ ಕರೆದೊಯ್ಯುವ ಕ್ಯಾಟಮರಾನ್ ನೇರ ಹ್ವಾರ್ ಪಟ್ಟಣಕ್ಕೇ ಹೋಗುತ್ತೆ, ಒಂದು ಗಂಟೆ ಸಾಕು. ಕೊರ್ಚುಲಾದಲ್ಲೂ ಇದೇ ಕಥೆ. ಸ್ಪ್ಲಿಟ್‌ನಿಂದ ಬರುವ ಕಾರ್ ಫೆರ್ರಿ ದ್ವೀಪದ ಇನ್ನೊಂದು ತುದಿಯ ವೇಲಾ ಲೂಕಾದಲ್ಲಿ ಇಳಿಸುತ್ತೆ. ಟಿಕೆಟ್ ತೆಗೆಯುವಾಗ ದ್ವೀಪದ ಹೆಸರು ನೋಡಬೇಡಿ, ಬಂದರಿನ ಹೆಸರು ನೋಡಿ.

ಕ್ಯಾಟಮರಾನ್‌ನಲ್ಲಿ ಸೀಟು ಲೆಕ್ಕದ್ದು. ಜುಲೈ, ಆಗಸ್ಟ್‌ನಲ್ಲಿ ಮೊದಲೇ ತೆಗೆದಿಡಿ. ಚಳಿಗಾಲದಲ್ಲಿ ಡುಬ್ರೊವ್ನಿಕ್‌ವರೆಗಿನ ಓಡಾಟವನ್ನು ನಂಬಿ ಪ್ಲ್ಯಾನ್ ಮಾಡಬೇಡಿ. ಆದರೂ ಒಂದು ಘಟ್ಟವನ್ನಾದರೂ ದೊಡ್ಡ ಫೆರ್ರಿಯಲ್ಲಿ ಹೋಗಿ ಅಂತ ನನ್ನ ಸಲಹೆ. ಕ್ಯಾಟಮರಾನ್‌ನಲ್ಲಿ ಹೆಚ್ಚು ಹೊತ್ತು ಒಳಗೇ ಕೂತಿರಬೇಕು, ಉಪ್ಪುನೀರು ಸಿಡಿದು ಒಣಗಿದ ಕಿಟಕಿಯಲ್ಲಿ ಏನು ಕಾಣುತ್ತೆ? ಫೆರ್ರಿಯ ಮೇಲಿನ ಡೆಕ್‌ನಲ್ಲಿ ನಿಂತರೆ ಸ್ಪ್ಲಿಟ್‌ನಲ್ಲಿ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಕಟ್ಟಿಸಿದ ಅರಮನೆಯ ಸಾಲು ನಿಧಾನಕ್ಕೆ ಚಿಕ್ಕದಾಗೋದು ನೋಡಬಹುದು.

ತಪ್ಪಿ ಇಳಿದ ಸ್ಟಾರಿ ಗ್ರಾದ್ ಎಷ್ಟು ಹಿಡಿಸಿತು ಅಂದ್ರೆ ಮಾರನೇ ದಿನ ಬೇಕಂತಲೇ ವಾಪಸ್ ಹೋದೆ. ಕ್ರಿ.ಪೂ. 384ರಲ್ಲಿ ಪಾರೋಸ್ ದ್ವೀಪದ ಗ್ರೀಕರು ಕಟ್ಟಿದ ಊರು. ಅವರು ಅಳೆದು ಹಂಚಿದ ಹೊಲಗಳು, ಗಾರೆ ಇಲ್ಲದ ಕಲ್ಲುಗೋಡೆಗಳು ಈಗಲೂ ಹಾಗೇ ಇವೆ. ಅದೇ ಹೊಲದಲ್ಲಿ ಈಗಲೂ ದ್ರಾಕ್ಷಿ, ಆಲಿವ್ ಬೆಳೀತಾರೆ. ಹ್ವಾರ್ ಪಟ್ಟಣ ಚೆನ್ನಾಗಿದೆ, 1612ರ ನಾಟಕಶಾಲೆಯೂ ಇದೆ, ಆದರೆ ರಾತ್ರಿ ಗದ್ದಲ ಜಾಸ್ತಿ.

ಕೊರ್ಚುಲಾಗೆ ಎರಡು ರಾತ್ರಿ ಕೊಡಿ. ಮಾರ್ಕೋ ಪೋಲೋ ಹುಟ್ಟಿದ್ದು ಇಲ್ಲೇ ಅಂತ ಅಲ್ಲಿನವರು ಹೇಳ್ತಾರೆ, ಸುಮ್ನೆ ತಲೆ ಆಡಿಸಿ. ನೋಡಬೇಕಾದ್ದು ಓಣಿಗಳನ್ನು. ಹಳೇ ಊರು ಮೀನಿನ ಮುಳ್ಳಿನ ಹಾಗಿದೆ, ನಡುವೆ ಒಂದು ಬೀದಿ, ಎರಡೂ ಕಡೆ ಓಣಿಗಳು. ಪಶ್ಚಿಮದ ಓಣಿಗಳು ನೇರ, ಬೇಸಿಗೆಯ ತಂಪು ಗಾಳಿ ಮಾಯೆಸ್ಟ್ರಾಲ್ ಒಳಗೆ ಬರಲಿ ಅಂತ. ಪೂರ್ವದವು ಬಾಗಿವೆ, ಬೆಟ್ಟದ ಕಡೆಯಿಂದ ನುಗ್ಗುವ ಬೂರಾ ಗಾಳಿಯನ್ನು ತಡೆಯೋಕೆ.

ನನ್ನ ಕೊನೇ ಹಡಗು ನಿಂತಿದ್ದೂ ಆ ಬೂರಾದಿಂದಲೇ. ಬೆಳಿಗ್ಗೆ ಆಕಾಶದಲ್ಲಿ ಒಂದು ಮೋಡ ಇಲ್ಲ, ಸಮುದ್ರ ಮಾತ್ರ ಬೆಳ್ಳಗೆ ನೊರೆ ಕಾರುತ್ತಿತ್ತು. ಕ್ಯಾಟಮರಾನ್ ರದ್ದು. ಆದರೆ ಎದುರು ದಡದ ಒರೆಬಿಚ್ ಊರಿಗೆ ಹೋಗುವ ಚಿಕ್ಕ ಕಾರ್ ಫೆರ್ರಿ ಓಡುತ್ತಿತ್ತು, ಕಾಲು ಗಂಟೆಯ ದಾರಿ. ಡುಬ್ರೊವ್ನಿಕ್ ಬಸ್ಸು ಜನರ ಸಮೇತ ಅದರೊಳಗೆ ಹತ್ತುತ್ತೆ, ಅದರಲ್ಲೇ ಹೋದೆ. ನಿಮಗೂ ಹಾಗಾದರೆ ಗಾಬರಿ ಬೇಡ. ಹಡಗಾಗಲಿ ಬಸ್ಸಾಗಲಿ, ಡುಬ್ರೊವ್ನಿಕ್‌ನಲ್ಲಿ ಇಳಿಸೋದು ಗ್ರೂಜ್ ಬಂದರಿನ ಹತ್ತಿರ. ಕೋಟೆಯೊಳಗಿನ ಹಳೇ ಊರಿಗೆ ಅಲ್ಲಿಂದ ಮತ್ತೆ ಸುಮಾರು ಮೂರು ಕಿಲೋಮೀಟರ್ ಇದೆ, ಸಿಟಿ ಬಸ್ ಹಿಡೀರಿ.