ಕೃಷ್ಣದೇವರಾಯನ ಕುಲಾವಿ

ಓದುಗರ ಪತ್ರ: ‘ವಿಜಯನಗರದ ಆಸ್ಥಾನದ ಉಡುಪನ್ನು ಪಾಠ ಮಾಡುವ ಬದಲು ವಿದ್ಯಾರ್ಥಿಗಳ ಕೈಯಿಂದ ಹೊಲಿಸುತ್ತಿದ್ದೇನೆ. ಕೋರಾ ಬಟ್ಟೆಯ ಕಬಾಯಿ, ಅಂದರೆ ಉದ್ದನೆಯ ನಿಲುವಂಗಿ, ಒಂದು ಹಂತಕ್ಕೆ ಬಂದಿದೆ. ಎತ್ತರದ ಟೊಪ್ಪಿಗೆಯಾದ ಕುಲಾವಿ ಮಾತ್ರ ನೆಟ್ಟಗೆ ನಿಲ್ಲದೆ ಪಕ್ಕಕ್ಕೆ ಜೋತು ಬೀಳುತ್ತಿದೆ. ಇದು ಫ್ಯಾನ್ಸಿ ಡ್ರೆಸ್, ಇತಿಹಾಸವಲ್ಲ ಎಂದು ಸಹೋದ್ಯೋಗಿಗಳು ನಗುತ್ತಾರೆ. ಮಕ್ಕಳಿಗೆ ವೆಲ್ವೆಟ್ ಬೇಕಂತೆ. ಕೊಡಿಸಲೇ?’
– ಇತಿಹಾಸ ಅಧ್ಯಾಪಕಿ, ಹೊಸಪೇಟೆ

ಸಂಪಾದಕರ ಉತ್ತರ:

ಮಾನ್ಯರೇ,

ಜೋತುಬಿದ್ದ ಆ ಕುಲಾವಿಯನ್ನು ಎಸೆಯಬೇಡಿ. ‘ಅರಸರು ಎತ್ತರದ ಟೊಪ್ಪಿಗೆ ಧರಿಸುತ್ತಿದ್ದರು’ ಎಂದು ಓದಿ ಪುಟ ಮಗುಚಿದವರಿಗೆ ಅದು ತಲೆಯ ಮೇಲೆ ಹೇಗೆ ನಿಂತಿತು ಎಂಬ ಚಿಂತೆ ಹುಟ್ಟುವುದಿಲ್ಲ. ಸೂಜಿ ಹಿಡಿದವರಿಗೆ ಹುಟ್ಟುತ್ತದೆ. ಒಳಗೆ ಗಟ್ಟಿ ಬಟ್ಟೆ ಕೊಟ್ಟಿದ್ದರೇ, ಪದರದ ಮೇಲೆ ಪದರ ಇಟ್ಟು ಹೊಲಿದಿದ್ದರೇ, ಗಂಜಿ ಹಾಕಿದ್ದರೇ? ಮೂರನ್ನೂ ಮಾಡಿಸಿ ನೋಡಿ. ಯಾವುದು ಆಧಾರವಿರುವ ಮಾತು, ಯಾವುದು ನಮ್ಮ ಊಹೆ ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಲಿ. ನಾನಾದರೆ ಅಂಕ ಕೊಡುವುದು ಆ ಪುಸ್ತಕಕ್ಕೆ, ಉಡುಪಿಗಲ್ಲ.

ಇನ್ನು ಹೆಸರಿನ ಕಥೆ. ಕೂಸು ಹುಟ್ಟುವ ಮೊದಲೇ ಹೊಲಿಸಿದ ಗಾದೆಯ ಕುಲಾವಿಯೂ ರಾಯನ ತಲೆಯ ಮೇಲಿನ ಕುಲಾವಿಯೂ ಒಂದೇ ಮಾತು, ಪಾರಸಿಯ ‘ಕುಲಾಹ್’ನಿಂದ ಬಂದದ್ದು. ಕಬಾಯಿ ಅರಬ್ಬಿಯ ‘ಕಬಾ’. ಸುಲ್ತಾನರೊಡನೆ ಕಾದಾಡಿದ ಆಸ್ಥಾನ ತೊಟ್ಟದ್ದು ಸುಲ್ತಾನರ ಲೋಕದ ಉಡುಪನ್ನೇ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಅರಸ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ತೆಲುಗು ಕವಿ ಶ್ರೀನಾಥನ ಹೆಸರಿನಲ್ಲಿ ಒಂದು ಚಾಟು ಪದ್ಯ, ಅಂದರೆ ಜನರ ಬಾಯಲ್ಲಿ ಉಳಿದ ಬಿಡಿ ಪದ್ಯ, ಇದೆ. ಕುಲ್ಲಾಯಿ ಇಟ್ಟೆ, ದೊಡ್ಡ ಕುಪ್ಪಸ ತೊಟ್ಟೆ, ಬೆಳ್ಳುಳ್ಳಿಯನ್ನೂ ತಿಂದೆ, ಕನ್ನಡ ರಾಜ್ಯಲಕ್ಷ್ಮೀ, ಇನ್ನೂ ದಯೆ ಬಾರದೇ ಎಂದು ಗೋಳಾಡುತ್ತಾನೆ. ದರ್ಬಾರಿನ ಉಡುಪು ಹೊರಗಿನವನ ಮೈಗೆ ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ರುಚಿಯಾದ ಸಾಕ್ಷಿ ಬೇಕೇ?

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ಉಡುಪು, ತಲೆಗೆ ಶಿರಸ್ತ್ರಾಣದ ಆಕಾರದ ಜರತಾರಿ ಟೊಪ್ಪಿಗೆ, ಬರಿಗಾಲು. ಅದೇ ಅರಸ ತಿರುಮಲೆಯ ಲೋಹದ ಪ್ರತಿಮೆಯಲ್ಲಿ ಕೈಮುಗಿದು ನಿಂತಿರುವುದು ಬರಿಮೈಯಲ್ಲಿ, ಸೊಂಟಕ್ಕೆ ಪಂಚೆ ಉಟ್ಟು. ಎತ್ತರದ ಟೊಪ್ಪಿಗೆ ಮಾತ್ರ ಅಲ್ಲಿಯೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ದೇವರೆದುರು ಕಳಚಿದ್ದೇನು, ಉಳಿಸಿಕೊಂಡದ್ದೇನು ಎಂದು ಮಕ್ಕಳೇ ಜಗಳವಾಡಲಿ.

ವೆಲ್ವೆಟ್ಟಿನ ವಿಷಯದಲ್ಲಿ ಮಕ್ಕಳ ಪಕ್ಷ ನನ್ನದು. ಅದು ನಾಟಕದವರ ಸೃಷ್ಟಿ ಎಂದು ನಾನೂ ನಂಬಿದ್ದೆ. ಕಾಲೇಜಿನಲ್ಲಿ ರಾಯನ ಪಾತ್ರಕ್ಕೆ ಬಾಡಿಗೆಗೆ ತಂದ ವೆಲ್ವೆಟ್ ಅಂಗಿಯ ಬೆನ್ನಿಗೆ ಜಿಪ್ ಇತ್ತು. ಸಭೆಗೆ ಬೆನ್ನು ತೋರಿಸುವಂತಿರಲಿಲ್ಲ, ಏಡಿಯಂತೆ ಅಡ್ಡಡ್ಡ ನಡೆದು ಸಿಂಹಾಸನ ಏರಿದೆ. ಆದರೆ ಪಾಯಿಸ್ ಕಂಡ ಕುದುರೆ ಸವಾರರು ವೆಲ್ವೆಟ್ಟಿನ, ರೇಷ್ಮೆಯ ಅಂಗಿಗಳನ್ನೇ ತೊಟ್ಟಿದ್ದರು. ಹಾಗಾಗಿ ತಕರಾರು ವೆಲ್ವೆಟ್ಟಿನ ಮೇಲಲ್ಲ, ಪಾಲಿಯೆಸ್ಟರಿನ ಮೇಲೆ, ಮತ್ತೆ ಬಣ್ಣದ ಮೇಲೆ. ಕಣ್ಣು ಕುಕ್ಕುವ ನೇರಳೆ ಬೇಡ. ರಾಸಾಯನಿಕ ಬಣ್ಣಗಳ ಕಾಲ ಶುರುವಾದದ್ದೇ 1856ರಲ್ಲಿ, ಲಂಡನ್ನಿನಲ್ಲಿ. ಹೊಲಿಗೆ ಯಂತ್ರವೂ ಹೆಚ್ಚುಕಡಿಮೆ ಅದೇ ಕಾಲದ್ದು. ಇಡೀ ಅಂಗಿಯನ್ನು ಕೈಯಲ್ಲಿ ಹೊಲಿಸುವುದು ಪರೀಕ್ಷೆಯ ದಿನಗಳಲ್ಲಿ ಆಗದ ಮಾತು. ಒಂದು ತೋಳನ್ನಾದರೂ ಹೊಲಿಸಿ.

ಸಹೋದ್ಯೋಗಿಗಳ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ, ಕೋಪಿಸಿಕೊಳ್ಳಬೇಡಿ. ವಾರ್ಷಿಕೋತ್ಸವದ ವೇದಿಕೆ ಏರಿ, ‘ಉತ್ತಮ ರಾಜ’ ಬಹುಮಾನ ಪಡೆದರೆ ಅದು ಫ್ಯಾನ್ಸಿ ಡ್ರೆಸ್ಸೇ. ತರಗತಿಯಲ್ಲಿ ತೊಟ್ಟು ಕೂರಲಿ, ಏಳಲಿ, ಬಗ್ಗಲಿ. ಕಂಕುಳು ಎಲ್ಲಿ ಹಿಡಿಯುತ್ತದೆ, ಕಸೆಯನ್ನು ತಾನೇ ಕಟ್ಟಿಕೊಳ್ಳಬಹುದೇ, ಪಕ್ಕದಲ್ಲಿ ಸೇವಕ ಬೇಕೇ ಎಂಬುದು ತೊಟ್ಟವರಿಗೆ ತಿಳಿಯುತ್ತದೆ.

ಒಮ್ಮೆ ಎಲ್ಲರನ್ನೂ ಲೇಪಾಕ್ಷಿಗೆ ಕರೆದೊಯ್ಯಿರಿ. ವೀರಭದ್ರ ಗುಡಿಯ ಚಿತ್ರಗಳಲ್ಲಿ ಅದನ್ನು ಕಟ್ಟಿಸಿದ ವಿಜಯನಗರದ ಅಧಿಕಾರಿ ವಿರೂಪಣ್ಣನೂ ಅವನ ಪರಿವಾರದವರೂ ಉದ್ದ ಕುಲಾವಿ ಧರಿಸಿ ಸಾಲಾಗಿ ನಿಂತಿದ್ದಾರೆ. ಹೆಂಗಸರ ಸೀರೆಗಳಂತೂ ಒಂದರಂತೆ ಇನ್ನೊಂದಿಲ್ಲ. ಮುಂದಿನ ವರ್ಷದ ಪಾಠ ಅಲ್ಲಿಯೇ ಸಿಗುತ್ತದೆ. ಚಿತ್ರಗಳಿರುವುದು ಮೇಲ್ಛಾವಣಿಯಲ್ಲಿ. ಒಂದು ದುರ್ಬೀನೂ ನೆಲಕ್ಕೆ ಹಾಸಲು ಜಮಖಾನವೂ ಜೊತೆಗಿರಲಿ, ನಿಂತು ನೋಡಿದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

– ಸಂ.