ಪಂಪ್ ಶುರುವಾದರೆ ಬೋರ್ಡ್ ಯಾಕೆ ರೀಸ್ಟಾರ್ಟ್ ಆಗುತ್ತದೆ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಮನೆ ಪುಣೆಯ ವಾಕಡ್‌ನಲ್ಲಿ, ಕೆಲಸ ಹಿಂಜವಡಿಯಲ್ಲಿ. ಒಂಬತ್ತು ವರ್ಷದಿಂದ ಜಾವಾ ಕೋಡ್ ಬರೆಯುತ್ತಿದ್ದೇನೆ. ಬಾಲ್ಕನಿಯ ತುಳಸಿಗೆ ತಾನಾಗಿಯೇ ನೀರು ಬೀಳಲಿ ಅಂತ ಇಎಸ್‌ಪಿ32 ಬೋರ್ಡು (ವೈಫೈ ಇರುವ, ಕೋಡ್ ಹಾಕಿ ನಡೆಸುವ ಪುಟ್ಟ ಚಿಪ್ಪಿನದು), ಮಣ್ಣಿನ ತೇವ ನೋಡುವ ಸೆನ್ಸರ್, 5 ವೋಲ್ಟಿನ ಪುಟ್ಟ ಪಂಪ್ ತಂದೆ. ಬೋರ್ಡಿಗೆ ಲ್ಯಾಪ್‌ಟಾಪಿನ ಯುಎಸ್‌ಬಿ, ಪಂಪಿಗೆ ಬೋರ್ಡಿನ 5 ವೋಲ್ಟ್ ಪಿನ್, ನಡುವೆ ಸ್ವಿಚ್ಚಿನಂತೆ ಒಂದು ಟ್ರಾನ್ಸಿಸ್ಟರ್. ಪಂಪ್ ಶುರುವಾದ ಕೂಡಲೇ ಬೋರ್ಡ್ ರೀಸ್ಟಾರ್ಟ್ ಆಗುತ್ತದೆ. ಕೋಡನ್ನು ನಾಲ್ಕು ಸಲ ಹೊಸದಾಗಿ ಬರೆದೆ. ಬೋರ್ಡಿಗೆ ಒಂದು ಬಟನ್ ಕೂಡ ಹಾಕಿದ್ದೇನೆ, ಅದನ್ನು ಒಂದು ಸಲ ಒತ್ತಿದರೆ ಮೂರು ಅಂತ ಎಣಿಸುತ್ತದೆ. ಎಲೆಕ್ಟ್ರಾನಿಕ್ಸನ್ನು ಮೊದಲಿಂದ ಓದಬೇಕಾ ಸರ್?

ಉತ್ತರ: ದಯವಿಟ್ಟು ಐದನೇ ಸಲ ಬರೆಯಬೇಡಿ. ತೊಂದರೆ ಕೋಡಿನಲ್ಲಿಲ್ಲ, ವೈರಿನಲ್ಲಿದೆ. ಪ್ರೋಗ್ರಾಮರ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ಏನೇ ಕೆಟ್ಟರೂ ಕೈ ಮೊದಲು ಕೀಬೋರ್ಡಿಗೇ ಹೋಗುತ್ತದೆ.

ಊರಲ್ಲಿ ಪಂಪ್‌ಸೆಟ್ ಹಾಕಿದಾಗ ಮನೆಯ ಬಲ್ಬ್ ಒಂದು ಕ್ಷಣ ಮಂಕಾಗುತ್ತಿತ್ತಲ್ಲ, ನೆನಪಿದೆಯಾ? ನಿಮ್ಮ ಮೇಜಿನ ಮೇಲೆ ಆಗುತ್ತಿರುವುದೂ ಅದೇ. ಮೋಟಾರ್ ನಿಂತಲ್ಲಿಂದ ಹೊರಡುವಾಗ, ತಿರುಗುತ್ತಿರುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಲ್ಯಾಪ್‌ಟಾಪಿನ ಸಾಧಾರಣ ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್. ಅದರಲ್ಲೇ ಬೋರ್ಡಿನ ವೈಫೈ ಕೂಡ ಆಗಾಗ ತನ್ನ ಪಾಲು ಕೇಳುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಚಿಪ್ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ಬೋರ್ಡ್ ಕಳಿಸುವ ಸಂದೇಶ ತೋರಿಸುವ ಸೀರಿಯಲ್ ಮಾನಿಟರ್ ತೆರೆದು ನೋಡಿ, 'ಬ್ರೌನ್‌ಔಟ್ ಡಿಟೆಕ್ಟರ್', ಅಂದರೆ ವೋಲ್ಟೇಜ್ ಕುಸಿದಿದೆ ಅನ್ನುವ ಸಾಲು ಬಂದಿರಬಹುದು. ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದರೆ ಈ ಕುಸಿತ ಕಾಣದೆ ಹೋಗಬಹುದು. ಅದು ಕೆಲವೇ ಮಿಲಿಸೆಕೆಂಡ್ ಇರುತ್ತದೆ, ಮೀಟರ್ ಅಷ್ಟು ಚುರುಕಲ್ಲ.

ಪಂಪಿಗೆ ಬೇರೆ 5 ವೋಲ್ಟ್ ಅಡಾಪ್ಟರ್ ಕೊಡಿ. ಆದರೆ ಬೋರ್ಡು, ಅಡಾಪ್ಟರ್ ಎರಡರ ಗ್ರೌಂಡ್ (ಮೈನಸ್ ವೈರ್) ಮಾತ್ರ ಸೇರಿಸಲೇಬೇಕು, ಇಲ್ಲದಿದ್ದರೆ ಟ್ರಾನ್ಸಿಸ್ಟರಿಗೆ ನಿಮ್ಮ ಸಿಗ್ನಲ್ ಅರ್ಥವೇ ಆಗುವುದಿಲ್ಲ. ಪಂಪಿನ ಎರಡು ವೈರಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಬಿಳಿ ಪಟ್ಟೆ ಪ್ಲಸ್ ಕಡೆಗೆ. ಮೋಟಾರ್ ನಿಲ್ಲುವಾಗ ಹಿಂದಕ್ಕೆ ಹೊಡೆಯುವ ವೋಲ್ಟೇಜಿನಿಂದ ಟ್ರಾನ್ಸಿಸ್ಟರ್ ಉಳಿಯುತ್ತದೆ. ಅಂದಹಾಗೆ, ನಿಮ್ಮ ಟ್ರಾನ್ಸಿಸ್ಟರ್ BC547 ಆಗಿದ್ದರೆ ಅದರ ಮಿತಿ 100 ಮಿಲಿಆಂಪ್. ಪಂಪಿಗೆ ಸಾಲದು. ಲಾಜಿಕ್ ಲೆವೆಲ್ ಮಾಸ್‌ಫೆಟ್ ತನ್ನಿ, ಅದು ಬೋರ್ಡಿನ ಸಣ್ಣ ವೋಲ್ಟೇಜಿಗೇ ಆನ್ ಆಗುವ ಟ್ರಾನ್ಸಿಸ್ಟರ್.

ಬಟನ್ ವಿಷಯ ಸುಲಭ. ಒತ್ತಿದಾಗ ಒಳಗಿನ ಲೋಹದ ತಗಡು ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ನಮಗೆ ಅದು ಏನೂ ಅಲ್ಲ. ಆದರೆ 240 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್ಪಿಗೆ 5 ಮಿಲಿಸೆಕೆಂಡ್ ಅಂದರೆ 12 ಲಕ್ಷ ಕ್ಲಾಕ್ ಬಡಿತ. ಒಂದೊಂದು ಪುಟಿತವೂ ಅದಕ್ಕೆ ಹೊಸ ಒತ್ತು. ಮೊದಲ ಒತ್ತು ಸಿಕ್ಕ ಮೇಲೆ 30 ಮಿಲಿಸೆಕೆಂಡ್ ಏನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇದೊಂದನ್ನು ಮಾತ್ರ ಕೋಡಿನಲ್ಲೇ ಸರಿ ಮಾಡಬಹುದು.

ಮೊದಲಿಂದ ಓದಬೇಕಾಗಿಲ್ಲ. ಓಮ್ ನಿಯಮ (ವೋಲ್ಟೇಜನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದರೆ ಕರೆಂಟ್) ಗೊತ್ತಿದ್ದರೆ ಹೊರಡಬಹುದು. ಭಾನುವಾರ ಮಲ್ಟಿಮೀಟರ್ ಹಿಡಿದು ಕೂತುಕೊಳ್ಳಿ. 3.3 ವೋಲ್ಟಿಗೆ 220 ಓಮ್ ರೆಸಿಸ್ಟರ್, ಕೆಂಪು ಎಲ್‌ಇಡಿ ಹಾಕಿ. ಎಲ್‌ಇಡಿಯಲ್ಲಿ ಸುಮಾರು 2 ವೋಲ್ಟ್ ಹೋಗುತ್ತದೆ, ಉಳಿದ 1.3 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 6 ಮಿಲಿಆಂಪ್. ಈ ಲೆಕ್ಕವನ್ನು ಮೊದಲು ಕಾಗದದ ಮೇಲೆ ಬರೆಯಿರಿ, ಆಮೇಲೆ ಅಳೆಯಿರಿ. ಕೋಡಿನ ಒಂದೊಂದು ತುಂಡನ್ನೂ ನಿರೀಕ್ಷಿತ ಉತ್ತರದ ಜೊತೆ ಹೋಲಿಸುವ ಯೂನಿಟ್ ಟೆಸ್ಟ್ ನಿಮಗೆ ಗೊತ್ತು, ಇದೂ ಹಾಗೆಯೇ. ಎರಡು ಸಂಖ್ಯೆ ಹೊಂದದಿದ್ದರೆ ಯಾಕೆ ಅಂತ ಹುಡುಕಿ. ಆ ಹುಡುಕಾಟದಲ್ಲಿ ನಾನು ಕಲಿತಷ್ಟು ಪಾಠ ಕೇಳಿ ಕಲಿತಿಲ್ಲ. ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ನಡೆಸಿ ತೋರಿಸುವ ಸಿಮ್ಯುಲೇಟರನ್ನೇ ನಂಬಿ ಕೂರಬೇಡಿ. ಅದರಲ್ಲಿ ಸಾಮಾನ್ಯವಾಗಿ ಕರೆಂಟಿಗೆ ಕೊರತೆಯೇ ಆಗುವುದಿಲ್ಲ.

ಬಿಡಿ ಸಾಮಾನಿಗೆ ಪುಣೆಯ ಬುಧವಾರ ಪೇಟೆಯಲ್ಲಿರುವ ತಾಪ್ಕೀರ್ ಗಲ್ಲಿಗೆ ಹೋಗಿ. ಮುಂಬೈಗೆ ಹೋಗುವ ಕೆಲಸವಿದ್ದರೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದೆ. ಡಯೋಡು, ರೆಸಿಸ್ಟರುಗಳನ್ನು ಹತ್ತು ಹತ್ತು ಜಾಸ್ತಿಯೇ ತನ್ನಿ, ಕಲಿಯುವಾಗ ಸುಡುತ್ತವೆ. ಮನೆ ಕರೆಂಟಿನ 230 ವೋಲ್ಟಿನ ಪಂಪು, ಅದನ್ನು ಆನ್ ಆಫ್ ಮಾಡುವ ರಿಲೇ ಕಡೆಗೆ ಮಾತ್ರ ಈ ವರ್ಷ ಹೋಗಬೇಡಿ. ಬಾಲ್ಕನಿ, ನೀರು, ಮಳೆಗಾಲ, ಮೂರೂ ಒಟ್ಟಿಗೆ ಇರುವ ಜಾಗ ಅದು.